ಬ್ಯಾಂಕ್ ಹೆಸರಲ್ಲಿ ಬಂದ ಮೇಲ್ ನಕಲಿಯೋ ಅಸಲಿಯೋ, ಪತ್ತೆ ಹಚ್ಚೋದು ಹೇಗೆ?

ಮಸಿಕುಡಿಕೆ:
ಅಪ್ಪನಿಗೆ ಅವರ ಬ್ಯಾಂಕಿನ ಹೆಸರಲ್ಲಿ ಒಂದು ಮೇಲ್ ಬಂದಿದೆ. 24 ಗಂಟೆಯೊಳಗೆ ವಿವರ ದೃಢಪಡಿಸದಿದ್ದರೆ ಖಾತೆ ಲಾಕ್ ಆಗುತ್ತದಂತೆ. ಲೋಗೊ, ಬಣ್ಣ, ಕೆಳಗಿನ ಸಣ್ಣಕ್ಷರದ ಷರತ್ತು ಎಲ್ಲ ಥೇಟ್ ಬ್ಯಾಂಕಿನದೇ. ಕಾಗುಣಿತ ತಪ್ಪಿದ್ದರೆ ನಕಲಿ ಅಂತಾರಲ್ಲ, ಇದರಲ್ಲಿ ಹುಡುಕಿದರೂ ಒಂದು ತಪ್ಪಿಲ್ಲ. ಅಪ್ಪ ಇನ್ನೂ ಏನೂ ಒತ್ತಿಲ್ಲ. ಏನು ನೋಡಬೇಕು?

ಎರಡನೇ_ಕೀಲಿ:
ಕಾಗುಣಿತ ನೋಡಿ ಹಿಡಿಯೋ ಕಾಲ ಹೋಯ್ತು. ಈಗ ಎಐ ಬರೆದುಕೊಡುತ್ತೆ, ಬ್ಯಾಂಕಿನವರಿಗಿಂತ ಚೆನ್ನಾಗೇ ಬರೆಯುತ್ತೆ.

ಕಳಿಸಿದವರ ಹೆಸರನ್ನೂ ನಂಬಬೇಡಿ, ಅಲ್ಲಿ ಯಾರು ಏನು ಬೇಕಾದರೂ ಟೈಪ್ ಮಾಡಬಹುದು. ಹೆಸರಿನ ಮೇಲೆ ಒತ್ತಿದರೆ ಪೂರ್ತಿ ವಿಳಾಸ ಕಾಣುತ್ತೆ, ಅದನ್ನು ನೋಡಿ. ಲಿಂಕ್ ಆದರೆ ಕ್ಲಿಕ್ ಮಾಡದೆ ಮೌಸ್ ಸುಮ್ನೆ ಅದರ ಮೇಲಿಡಿ, ಫೋನಲ್ಲಾದರೆ ಬೆರಳು ಒತ್ತಿ ಹಿಡಿಯಿರಿ. ಲಿಂಕ್ ಹೋಗೋ ವಿಳಾಸ ಕಾಣುತ್ತೆ. ಅದರಲ್ಲಿ ಶುರುವಿನ ಎರಡು ಸ್ಲ್ಯಾಶ್ (//) ಬಿಟ್ಟು ಆಮೇಲೆ ಬರುವ ಮೊದಲ ಸ್ಲ್ಯಾಶ್ ಹುಡುಕಿ, ಅಲ್ಲಿಂದ ಹಿಂದಕ್ಕೆ ಓದಿ. 'ನಿಮ್ಮಬ್ಯಾಂಕ್.ಕಾಮ್.ಖಾತೆ-ಚೆಕ್.ನೆಟ್/ಲಾಗಿನ್' ಅಂತಿದ್ದರೆ ಅದು 'ಖಾತೆ-ಚೆಕ್.ನೆಟ್' ಇಟ್ಟುಕೊಂಡವನ ಜಾಗ. ಮುಂದಿರೋ ಬ್ಯಾಂಕಿನ ಹೆಸರು ಬರೀ ವೇಷ.

ಬ್ರೌಸರ್‌ನಲ್ಲಿ ಸೈಟಿನ ವಿಳಾಸದ ಪಕ್ಕ ಬೀಗದ ಚಿತ್ರ ಇದೆ, ಸೇಫ್ ಅಂದ್ಕೋಬೇಡಿ. ಸಂಪರ್ಕ ಎನ್‌ಕ್ರಿಪ್ಟ್ ಆಗಿದೆ, ಅಂದರೆ ನಡುವೆ ಬೇರೆಯವರು ಓದೋಕಾಗಲ್ಲ ಅಂತ ಮಾತ್ರ ಅದರ ಅರ್ಥ, ಕಳ್ಳರ ಸೈಟಿಗೂ ಅದಕ್ಕೆ ಬೇಕಾದ ಸರ್ಟಿಫಿಕೇಟ್ ಪುಕ್ಕಟೆ ಸಿಗುತ್ತೆ. ಜನ ತಪ್ಪು ತಿಳ್ಕೋತಾರೆ ಅಂತಲೇ ಕ್ರೋಮ್ 2023ರಲ್ಲಿ ಆ ಬೀಗ ತೆಗೆದುಹಾಕಿತು.

ಮಸಿಕುಡಿಕೆ:
ಹೆಸರಿನ ಮೇಲೆ ಒತ್ತಿ ನೋಡಿದೆ. ಯಾವುದೋ ಹೂವಿನ ಅಂಗಡಿಯ ವಿಳಾಸ! ಆದರೆ ಜಿಮೇಲ್‌ನ 'ಶೋ ಒರಿಜಿನಲ್'ನಲ್ಲಿ ಎಸ್‌ಪಿಎಫ್, ಡಿಕೆಐಎಂ (ಮೇಲ್ ಎಲ್ಲಿಂದ ಬಂತು ಅಂತ ನೋಡೋ ಪರೀಕ್ಷೆಗಳು) ಎರಡೂ ಪಾಸ್ ಅಂತಿದೆ. ಇದು ಹೇಗೆ?

ಎರಡನೇ_ಕೀಲಿ:
ಹೂವಿನ ಅಂಗಡಿಯವರ ಮೇಲ್ ಖಾತೆಯನ್ನೇ ಯಾರೋ ಕದ್ದಿರಬೇಕು. ಮೇಲ್ ನಿಜವಾಗಿ ಅವರ ಸರ್ವರ್‌ನಿಂದಲೇ ಬಂದಿದ್ದರೆ ಪಾಸ್ ಆಗೇ ಆಗುತ್ತೆ. ಆ ಡೊಮೇನ್, ಅಂದರೆ ವಿಳಾಸದಲ್ಲಿ @ ಆದಮೇಲೆ ಬರೋ ಹೆಸರು, ಬ್ಯಾಂಕಿನದೋ ಅಲ್ಲವೋ ಅನ್ನೋದನ್ನ ಆ ಪರೀಕ್ಷೆ ಹೇಳೋದೇ ಇಲ್ಲ.

ಒಣಮಾತು:
ಇಷ್ಟೆಲ್ಲ ಪತ್ತೇದಾರಿಕೆ ಅಪ್ಪನಿಂದ ಮಾಡಿಸ್ತೀರಾ? ಒಂದೇ ನಿಯಮ ಹೇಳಿಕೊಡಿ ಸಾಕು. ಮೇಲ್ ಅಸಲಿಯೇ ಇರಲಿ, ಅದರಲ್ಲಿರೋ ಲಿಂಕಿಂದ ಬ್ಯಾಂಕಿಗೆ ಹೋಗೋದು ಬೇಡ. ಆ್ಯಪ್ ತೆರೀಬೇಕು, ಇಲ್ಲಾಂದ್ರೆ ಕಾರ್ಡಿನ ಹಿಂದಿರೋ ನಂಬರಿಗೆ ಫೋನ್ ಮಾಡಬೇಕು. ಮೇಲ್‌ನಲ್ಲಿ ಕೊಟ್ಟ ನಂಬರಿಗೆ ಅಲ್ಲ. ಖಾತೆಗೆ ನಿಜವಾಗಿ ತೊಂದರೆ ಇದ್ದರೆ ಅಲ್ಲೇ ಗೊತ್ತಾಗುತ್ತೆ.

ನಿಧಾನಿ:
+1. ಇನ್ನೊಂದು, ಪಾಸ್‌ವರ್ಡ್ ಮ್ಯಾನೇಜರ್ (ಪಾಸ್‌ವರ್ಡ್‌ಗಳನ್ನ ನೆನಪಿಟ್ಟು ತಾನೇ ತುಂಬೋ ಆ್ಯಪ್) ಹಾಕಿಕೊಡಿ. ಸೈಟ್ ಕಣ್ಣಿಗೆ ಎಷ್ಟೇ ಅಸಲಿಯಾಗಿ ಕಾಣಲಿ, ಡೊಮೇನ್ ಬೇರೆ ಆದರೆ ಅದು ತಾನಾಗಿ ಪಾಸ್‌ವರ್ಡ್ ತುಂಬಲ್ಲ. ತುಂಬಲಿಲ್ಲ ಅಂತ ಕೈಯಾರೆ ಟೈಪ್ ಮಾಡೋಕೆ ಹೋಗ್ಬಾರದು ಅಷ್ಟೆ.

ಒಟಿಪಿ ಇದೆಯಲ್ಲ ಅನ್ನೋ ಧೈರ್ಯವೂ ಬೇಡ. ನಕಲಿ ಪುಟದಲ್ಲಿ ನೀವು ಒಟಿಪಿ ಹಾಕಿದ ಕ್ಷಣವೇ ಅವರು ಅದನ್ನ ಅಸಲಿ ಸೈಟಿಗೆ ಹಾಕ್ತಾರೆ. ಬ್ಯಾಂಕ್ ಪಾಸ್‌ಕೀ (ಪಾಸ್‌ವರ್ಡ್ ಬದಲು ನಿಮ್ಮ ಫೋನ್ ಅಥವಾ ಕಂಪ್ಯೂಟರೇ ಗುರುತು ಸಾಬೀತು ಮಾಡೋ ಕೀಲಿ) ಕೊಡುತ್ತಿದ್ದರೆ ಅದು ಮೇಲು, ನಕಲಿ ಡೊಮೇನ್‌ನಲ್ಲಿ ಕೆಲಸವೇ ಮಾಡಲ್ಲ.

ಮಸಿಕುಡಿಕೆ:
ಆ್ಯಪ್‌ನಲ್ಲಿ ನೋಡಿದ್ವಿ, ಖಾತೆ ಸರಿಯಾಗೇ ಇದೆ. ಮೇಲ್ ಡಿಲೀಟ್ ಮಾಡಿಬಿಡಲಾ?

ಒಣಮಾತು:
ಬರೀ ಡಿಲೀಟ್ ಬೇಡ, ಮೊದಲು 'ರಿಪೋರ್ಟ್ ಫಿಶಿಂಗ್' ಒತ್ತಿ. ಹಾಗೇ ಹೂವಿನ ಅಂಗಡಿಗೂ ಒಂದು ಫೋನ್ ಮಾಡಿ, ಅವರಿಗಿನ್ನೂ ಗೊತ್ತಿಲ್ಲದೆ ಇರಬಹುದು.