‘ಅರೆಕಾ’ ಬಂದದ್ದು ನಮ್ಮ ಅಡಿಕೆಯಿಂದಲೇ?

ಮಾನ್ಯರೇ,

ಮೊನ್ನೆ ನರ್ಸರಿಯೊಂದರಲ್ಲಿ ಕುಂಡವೊಂದಕ್ಕೆ ‘ಅರೆಕಾ ಪಾಮ್’ ಎಂಬ ಚೀಟಿ ಅಂಟಿಸಿದ್ದನ್ನು ಕಂಡು, ಇದು ಅಡಿಕೆ ಸಸಿಯೇ ಎಂದು ಕೇಳಿದೆ. ‘ಅಲ್ಲ ಸಾರ್, ಇದು ಶೋಗೆ ಇಡೋದು’ ಎಂದ ಅಲ್ಲಿದ್ದ ಹುಡುಗ. ಅವನು ಹೇಳಿದ್ದು ಸರಿ. ಆ ಗಿಡದ ತವರು ಮಡಗಾಸ್ಕರ್, ಅಡಿಕೆಯ ಕುಲಕ್ಕೆ ಅದು ಸೇರಿದ್ದೇ ಅಲ್ಲ. ಹೆಸರು ಮಾತ್ರ ಅಡಿಕೆಯದು.

ಇಂಗ್ಲಿಷಿನ ದಿನಬಳಕೆಯಲ್ಲಿ ಅಪರೂಪವಾದ ‘ಅರೆಕಾ’ ಪದ ಅಲ್ಲಿಗೆ ಹೋದದ್ದು ಪೋರ್ಚುಗೀಸರ ಮೂಲಕ. 1510ರಲ್ಲಿ ರೋಮಿನಲ್ಲಿ ಅಚ್ಚಾದ, ಇಟಲಿಯ ಯಾತ್ರಿಕ ವರ್ತೆಮಾ ಎಂಬವನ ಪ್ರವಾಸಕಥನದಲ್ಲಿಯೇ ಅದು ಕಾಣಿಸುತ್ತದೆ. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಅಡಿಕೆ ಮರವನ್ನು ‘ಅರೆಕಾ ಕಟೆಚು’ ಎಂದು ಕರೆದ ಮೇಲಂತೂ ಅದು ಸಸ್ಯಶಾಸ್ತ್ರದಲ್ಲಿ ನೆಲೆನಿಂತಿತು. (ಇದರಲ್ಲಿನ ‘ಕಟೆಚು’ ನಮ್ಮ ಕಾಚಿನ ನಂಟಿನದು, ಕಗ್ಗಲಿ ಮರದಿಂದ ತೆಗೆಯುವ ಕಾಚು ಅಡಿಕೆಯ ಹೆಸರಿಗೆ ಅಂಟಿಕೊಂಡದ್ದು ಒಂದು ತಮಾಷೆಯೇ.)

ಪೋರ್ಚುಗೀಸರಿಗೆ ಈ ಪದ ಯಾರ ಬಾಯಿಂದ ಸಿಕ್ಕಿತು ಎಂಬುದು ನನ್ನ ಪ್ರಶ್ನೆ. ತಮಿಳಿನಲ್ಲಿ ‘ಅಡೈಕ್ಕಾಯ್’, ಮಲಯಾಳದಲ್ಲಿ ‘ಅಡಯ್ಕ್ಕ’, ಕನ್ನಡದಲ್ಲಿ ‘ಅಡಿಕೆ’ ಅಥವಾ ‘ಅಡಕೆ’. ಮೂರೂ ಒಂದೇ ಬಳ್ಳಿಯವು. ಒತ್ತೊತ್ತಾಗಿ ಗೊನೆಗಟ್ಟುವ ಕಾಯಿ ಎಂಬ ಅರ್ಥದಲ್ಲಿ ‘ಅಡೈ’ಗೆ ‘ಕಾಯ್’ ಸೇರಿದೆ ಎಂಬುದು ದ್ರಾವಿಡ ಭಾಷೆಗಳ ವಿದ್ವಾಂಸ ಕಾಲ್ಡ್‌ವೆಲ್ಲರ ವಿವರಣೆ. ಮೂರರಲ್ಲಿಯೂ ಇರುವ ಡಕಾರ ಪೋರ್ಚುಗೀಸರ ಕಿವಿಗೆ ರಕಾರವಾಗಿ ಕೇಳಿಸಿರಬೇಕಾದ್ದರಿಂದ ಅದರಿಂದ ಏನೂ ಇತ್ಯರ್ಥವಾಗುವುದಿಲ್ಲ. ದಕ್ಷಿಣ ಕನ್ನಡದ ಹವ್ಯಕರು ‘ಅಡಕ್ಕೆ’ ಎನ್ನುವುದರಿಂದ ಕಕಾರದ ಒತ್ತನ್ನು ಹಿಡಿದು ವಾದಿಸುವಂತೆಯೂ ಇಲ್ಲ. ಉಳಿಯುವ ಸಾಕ್ಷಿ ಕೊನೆಯ ಸ್ವರವೊಂದೇ. ಈ ಪದದ ‘ಕಾಯ್’ ಕನ್ನಡದಲ್ಲಿ ಸವೆದು ‘ಕೆ’ ಆಗಿದ್ದರೆ, ಮಲಯಾಳದಲ್ಲಿ ‘ಕ್ಕ’ ಆಗಿದೆ. ಅದೇ ಸವೆತದಿಂದ ಅಲ್ಲಿ ‘ಮಾಂಗಾಯ್’ ಎಂಬುದು ‘ಮಾಙ್ಙ’ ಆಗಿ, ಪೋರ್ಚುಗೀಸಿನಲ್ಲಿ ‘ಮಾಂಗಾ’ ಎಂದು ಉಳಿದು, ಮುಂದೆ ಇಂಗ್ಲಿಷಿನ ‘ಮ್ಯಾಂಗೊ’ ಆಯಿತು. ‘ಅರೆಕಾ’ದ ಕೊನೆಯ ಆಕಾರವೂ ಅದೇ ದಾರಿಯಲ್ಲಿ ಬಂದದ್ದೆಂದು ನನಗೆ ತೋರುತ್ತದೆ. ಎಲೆಯ ಹೆಸರಾದ ‘ಬೀಟಲ್’ ಕೂಡ ಮಲಯಾಳದ ‘ವೆಟ್ಟಿಲ’ದಿಂದಲೇ ಹೋದದ್ದು, ನಮ್ಮ ವೀಳ್ಯದೆಲೆಯಿಂದಲ್ಲ. ಅಭಿಮಾನಕ್ಕೆ ತುಸು ಪೆಟ್ಟಾದರೂ, ಕನ್ನಡದ ‘ಅಡಿಕೆ’ ಇಲ್ಲಿ ದಾಯಾದಿಯೇ ಹೊರತು ತಾಯಿಯಲ್ಲ ಎನ್ನಬೇಕಾಗುತ್ತದೆ.

ಆದರೂ ಒಂದು ಅನುಮಾನ ಉಳಿದಿದೆ. ಹೊನ್ನಾವರ, ಭಟ್ಕಳಗಳಲ್ಲಿಯೂ ಪೋರ್ಚುಗೀಸರ ವ್ಯಾಪಾರವಿತ್ತಲ್ಲವೇ? ಕರಾವಳಿಯ ಕನ್ನಡದ ಯಾವುದಾದರೂ ಒಳನುಡಿಯಲ್ಲಿ ಈ ಪದ ಅಕಾರಾಂತವಾಗಿ, ‘ಅಡಕ’ ಅಥವಾ ‘ಅಡಕ್ಕ’ ಎಂದು, ಬಳಕೆಯಲ್ಲಿರುವುದನ್ನು ಕೇಳಿದವರಿದ್ದರೆ, ಯಾವ ಊರಿನಲ್ಲಿ ಎಂಬುದರೊಡನೆ ದಯವಿಟ್ಟು ತಿಳಿಸಬೇಕು.