ಪದ ಬೇಕು: ಸೀಸಿಯಂ, ಪೊಟ್ಯಾಷ್ ನಡುವೆ ನಡೆಯುವುದು ಪೈಪೋಟಿಯಾ?

ಚಿಂತಾಮಣಿಯಿಂದ:

ಗೆಳೆಯರೇ, ತುರ್ತು. ಮಕ್ಕಳ ವಿಜ್ಞಾನ ಪ್ರದರ್ಶನಕ್ಕೆ ಜಪಾನಿನ ಫುಕುಶಿಮಾ ಅಣುಸ್ಥಾವರದ ಅವಘಡದ ಬಗ್ಗೆ ಒಂದು ಫಲಕವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅಲ್ಲಿಂದ ಹೊರಬಿದ್ದ ವಿಕಿರಣ ಸೂಸುವ ಸೀಸಿಯಂ ಮಣ್ಣು ಸೇರಿತ್ತು. ಸಂಜೆ 6ಕ್ಕೆ ಫ್ಲೆಕ್ಸ್ ಅಂಗಡಿಗೆ ಕೊಡಬೇಕು. ಮಣ್ಣಿನಲ್ಲಿ ಪೊಟ್ಯಾಸಿಯಂ (ಗೊಬ್ಬರದ ಮಾತಿನಲ್ಲಿ ಪೊಟ್ಯಾಷ್) ಕಡಿಮೆ ಇದ್ದರೆ ಗಿಡ ಸೀಸಿಯಂ ಜಾಸ್ತಿ ಒಳಗೆ ತೆಗೆದುಕೊಳ್ಳುತ್ತದೆ, ಇದಿಷ್ಟೇ ವಿಷಯ. ಒಳಗೆ ತೆಗೆದುಕೊಳ್ಳುವುದಕ್ಕೆ ಹಳೇ ಪದಪಟ್ಟಿಯಲ್ಲಿ ‘ಅವಶೋಷಣೆ’ ಸಿಕ್ಕಿತು. ಮಗಳಿಗೆ ಓದಿ ಹೇಳಿದರೆ, ‘ಗಿಡಾನ ಯಾರಮ್ಮಾ ಶೋಷಣೆ ಮಾಡ್ತಿದ್ದಾರೆ?’ ಅಂದಳು. ಇನ್ನು ಎರಡರ ನಡುವಿನ ಜಗಳಕ್ಕೆ ‘ಸ್ಪರ್ಧೆ’ ಹಾಕಲಾ, ‘ಪೈಪೋಟಿ’ ಹಾಕಲಾ?

ತುಮಕೂರಿನಿಂದ:

ಎರಡೂ ಬೇಡ. ಸ್ಪರ್ಧೆ ಸಂಸ್ಕೃತ. ತೆಲುಗಿನಲ್ಲಿ ‘ಪೋಟಿ’ ಇದೆ, ‘ಪೈ’ ಅಂದರೆ ಅಲ್ಲಿ ಮೇಲೆ. ಪೈಪೋಟಿ ನಿಮ್ಮ ಗಡಿಯಿಂದ ಒಳಗೆ ಬಂದದ್ದು ಅಂತ ಇಲ್ಲಿ ಎಷ್ಟು ಸಲ ಬರೆದಿದ್ದೇನೋ! ‘ಸೆಣಸಾಟ’ ಹಾಕಿ. ಸೀಸಿಯಂ ಕೂಡ ಬೇಡ, ಓದಿದವರು ಸೀಸ ಅಂದುಕೊಳ್ಳುತ್ತಾರೆ. ಆ ಹೆಸರಿಗೆ ಲ್ಯಾಟಿನ್‌ನಲ್ಲಿ ಬಾನಿನ ನೀಲಿ ಅಂತ ಅರ್ಥ. 1860ರಲ್ಲಿ ಬುನ್ಸೆನ್, ಕಿರ್ಕಾಫ್ ಅನ್ನೋ ವಿಜ್ಞಾನಿಗಳು ಬೆಳಕಿನ ಪಟ್ಟಿಯಲ್ಲಿ ನೀಲಿ ಗೆರೆ ಕಂಡು ಇಟ್ಟ ಹೆಸರು. ‘ಬಾನ್ನೀಲ’ ಅಂತ ಬರೆಯಿರಿ. ಯಾರು ಬೇಡ ಅಂತಾರೆ?

ಕೋಲಾರದಿಂದ:

ನಾನು ಬೇಡ ಅಂತೀನಿ ಸ್ವಾಮಿ. ಬಾನ್ನೀಲ ಅಂದರೆ ಸೀರೆಯ ಬಣ್ಣ. ಪೊಟ್ಯಾಷ್ ಅನ್ನೋ ಹೆಸರು ಬಂದದ್ದೂ ಮಡಕೆಯಲ್ಲಿ ಕಾಯಿಸಿ ತೆಗೆದ ಬೂದಿಯ ಉಪ್ಪಿನಿಂದ. ಅದನ್ನೂ ‘ಮಡಕೆಬೂದಿ’ ಮಾಡೋಣವಾ? ನಮ್ಮ ಕಡೆ ಟೊಮೆಟೊ ಎಲೆಯ ಅಂಚು ಸುಟ್ಟಂತಾದರೆ ‘ಪೊಟ್ಯಾಷ್ ಸಾಲ್ದು’ ಅಂತಾರೆ, ಕೆಂಪು ಪೊಟ್ಯಾಷ್ ಚೀಲ ತರುತ್ತಾರೆ. ಅವರಿಗೆ ಅದು ಕನ್ನಡವೇ.

ಮೇಡಂ, ಪೈಪೋಟಿ ಎಲ್ಲಿಂದಾದರೂ ಬಂದಿರಲಿ, ಇಲ್ಲಿ ಅರ್ಧ ಮಾತ್ರ ಸರಿ. ಪೊಟ್ಯಾಸಿಯಂ, ಸೀಸಿಯಂ ಎರಡೂ ಒಂದೇ ಮನೆತನದ ಲೋಹ, ಒಂದೇ ಬಾಗಿಲಿಗೆ ಬರುತ್ತವೆ ನಿಜ. ಆದರೆ ಆ ಬಾಗಿಲು ಇರುವುದು ಪೊಟ್ಯಾಷ್‌ಗೆ. ಅದು ಸಾಲದಿದ್ದಾಗ ಬೇರು ಎಚ್‌ಎಕೆ5 ಅನ್ನೋ ಸಾಗಣೆ ಪ್ರೋಟೀನನ್ನು ಜಾಸ್ತಿ ಮಾಡಿಕೊಳ್ಳುತ್ತದೆ, ಚೂರುಪಾರು ಪೊಟ್ಯಾಷ್ ಇದ್ದರೂ ಎಳೆದುಕೊಳ್ಳೋಣ ಅಂತ. ಆ ಹಸಿವಿನಲ್ಲಿ ಸೀಸಿಯಂ ಒಳಗೆ ನುಸುಳುತ್ತದೆ. ಹೊಟ್ಟೆ ತುಂಬಿದ ಬೇರು ಈ ಬಾಗಿಲು ಮುಚ್ಚುತ್ತದೆ, ಆಮೇಲೂ ಬೇರೆ ಕಂಡಿಗಳಲ್ಲಿ ಸ್ವಲ್ಪ ಹೋಗುತ್ತದೆ ಅನ್ನಿ. 2011ರ ಅವಘಡದ ನಂತರ ಫುಕುಶಿಮಾದ ಭತ್ತದ ಗದ್ದೆಗಳಲ್ಲಿ 100 ಗ್ರಾಂ ಮಣ್ಣಿಗೆ 25 ಮಿಲಿಗ್ರಾಂ ಪೊಟ್ಯಾಷ್ ಬೇರಿಗೆ ಸಿಗುವಂತಿರಲಿ ಅಂತ ಹೇಳಿದ್ದು ಇದಕ್ಕೇ. ಅದಕ್ಕೆ ‘ನುಸುಳು’ ಹಾಕಿ. ಒಳಗೆ ತೆಗೆದುಕೊಳ್ಳುವುದಕ್ಕೆ ‘ಎಳೆ’ ಸಾಕು. ‘ಬೆಳೆ ಗೊಬ್ಬರ ಎಳೀತು’ ಅಂತೀವಲ್ಲ, ಹಾಗೆ.

ತುಮಕೂರಿನಿಂದ:

‘ಹೀರು’ ಇರುವಾಗ ‘ಎಳೆ’ ಯಾಕೆ? ಪ್ರೋಟೀನ್‌ಗೆ ಕನ್ನಡ ಎಲ್ಲಿ?

ಕೋಲಾರದಿಂದ:

ಸ್ಪಂಜೂ ಹೀರುತ್ತದೆ. ಬೇರು ಆರಿಸಿ ಎಳೆಯುತ್ತದೆ, ಇಲ್ಲಿ ಆರಿಸುವಾಗ ಎಡವಿದೆ. ಪ್ರೋಟೀನ್ ಕನ್ನಡವೇ, ಬೇಳೆ ಮಾರುವವರನ್ನು ಕೇಳಿ.

ಚಿಂತಾಮಣಿಯಿಂದ:

ಕೊಟ್ಟು ಬಂದೆ. ‘ಪೊಟ್ಯಾಷ್ ಸಾಲದ ಮಣ್ಣಿನಲ್ಲಿ ಬೇರು ಹಸಿದಿರುತ್ತದೆ. ಅದು ಪೊಟ್ಯಾಷ್ ಎಳೆಯುವ ದಾರಿಯಲ್ಲೇ ಸೀಸಿಯಂ ನುಸುಳುತ್ತದೆ.’ ಟೈಪ್ ಮಾಡುವ ಹುಡುಗ, ‘ಮೇಡಂ, ಇದು ಸೀಸ ಅಲ್ವಾ, ತಿದ್ದಿಬಿಡ್ಲಾ?’ ಅಂದ. ತುಮಕೂರಿನ ಸರ್, ಅದೊಂದು ನೀವು ಹೇಳಿದಂತೆಯೇ ಆಯಿತು. ಕೆಳಗೆ ಸಣ್ಣಕ್ಷರದಲ್ಲಿ ‘ಸೀಸ ಬೇರೆ, ಸೀಸಿಯಂ ಬೇರೆ’ ಅಂತ ಸೇರಿಸಿಸಿದೆ.