ಅಲಾರಂ ಕಂಪನಿ ಕೈ ಬದಲಾಯಿತು, ಈಗೇನು? – ಪ್ರಶ್ನೋತ್ತರ

ಅಡ್ಮಿನ್: ಇವತ್ತಿನ ವಿಷಯ: ನಿಮ್ಮ ಅಲಾರಂ, ಕ್ಯಾಮೆರಾ, ಬಾಗಿಲಿನ ಕಾರ್ಡ್ ವ್ಯವಸ್ಥೆ ನೋಡಿಕೊಳ್ಳುವ ಕಂಪನಿಯನ್ನು ಇನ್ನೊಬ್ಬರು ಕೊಂಡುಕೊಂಡಾಗ ಅಥವಾ ಅದರ ಹೆಸರು ಬದಲಾದಾಗ ಗ್ರಾಹಕರು ಏನು ನೋಡಿಕೊಳ್ಳಬೇಕು. ಪ್ಯಾನೆಲ್ (ಅಲಾರಂನ ಮುಖ್ಯ ಡಬ್ಬಿ) ಜೋಡಣೆ, ಮಾನಿಟರಿಂಗ್ ಸೆಂಟರ್ (ಅಲಾರಂ ಸಿಗ್ನಲ್ ಹೋಗಿ ಸೇರುವ ಕಚೇರಿ) ಎರಡೂ ಬಲ್ಲ ಇಂಜಿನಿಯರ್ ಮೇಡಂ ಉತ್ತರ ಕೊಡ್ತಾರೆ. ಕೇಳಿದ್ದನ್ನೇ ಮತ್ತೆ ಕೇಳಬೇಡಿ, ಮೇಲಿನದನ್ನು ಓದಿ.

ಅಪಾರ್ಟ್‌ಮೆಂಟ್ ಕಾರ್ಯದರ್ಶಿ: ನಮಸ್ಕಾರ ಮೇಡಂ. ನಮ್ಮ ಮಾನಿಟರಿಂಗ್ ಕಂಪನಿಯನ್ನು ಬೇರೆಯವರು ತಗೊಂಡಿದ್ದಾರೆ. ಕರಾರು ಇನ್ನೂ ಎರಡು ವರ್ಷ ಇದೆ. ಅದು ತಾನಾಗಿ ಬಿದ್ದುಹೋಗುತ್ತಾ?

ಮೇಡಂ: ನಮಸ್ಕಾರ ಸರ್. ಇಲ್ಲ, ಬೀಳಲ್ಲ. ಷೇರು ಕೊಂಡಿದ್ದರೆ ನಿಮ್ಮ ಜೊತೆ ಸಹಿ ಹಾಕಿದ ಕಂಪನಿ ಹಾಗೇ ಇರುತ್ತೆ, ಮಾಲೀಕರು ಮಾತ್ರ ಬೇರೆ. ಗ್ರಾಹಕರ ಪಟ್ಟಿ, ಉಪಕರಣ ಅಂತ ಆಸ್ತಿಯಾಗಿ ಕೊಂಡಿದ್ದರೆ ಕರಾರನ್ನು ವರ್ಗಾಯಿಸಬೇಕಾಗುತ್ತೆ. ಅದಕ್ಕೆ ನಿಮ್ಮ ಒಪ್ಪಿಗೆ ಬೇಕೋ ಬೇಡವೋ ಅನ್ನೋದು ಕರಾರಿನ ವರ್ಗಾವಣೆ ಷರತ್ತಿನಲ್ಲಿ ಇರುತ್ತೆ. ಅದನ್ನೂ ತಾನಾಗಿ ನವೀಕರಣವಾಗುವ ಷರತ್ತನ್ನೂ ಇವತ್ತೇ ಓದಿ. ಎರಡೂ ಸಾಮಾನ್ಯವಾಗಿ ಕೊನೆಯ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತವೆ. ಹೊಸ ಲೆಟರ್‌ಹೆಡ್ಡಿನಲ್ಲಿ "ವಿವರ ಖಚಿತಪಡಿಸಿ" ಅಂತ ಬರುವ ಕಾಗದಕ್ಕೆ ಓದದೆ ಸಹಿ ಹಾಕಬೇಡಿ. ಎಷ್ಟೋ ಸಲ ಅದು ಹೊಸ ಅವಧಿಯ ಹೊಸ ಕರಾರೇ ಆಗಿರುತ್ತೆ.

ಕ್ಲಿನಿಕ್ ನೋಡಿಕೊಳ್ಳುವವರು: ಕ್ಯಾಮೆರಾ ಆ್ಯಪ್ ಹೆಸರು ಬದಲಾಯ್ತು ಮೇಡಂ. ಅಪ್‌ಡೇಟ್ ಮಾಡಿದ ಮೇಲೆ ಲೈವ್ ಬರ್ತಿಲ್ಲ, ರೆಕಾರ್ಡಿಂಗ್ ಮಾತ್ರ ಸರಿ ಇದೆ.

ಮೇಡಂ: ರೆಕಾರ್ಡರ್ ಚೆನ್ನಾಗಿದೆ ಅಂತಾಯ್ತು. ಹೆಸರಿನ ಜೊತೆ ಕಂಪನಿಯ ಸರ್ವರ್ ವಿಳಾಸವೂ ಬದಲಾಗಿರಬೇಕು, ನಿಮ್ಮ ಫೈರ್‌ವಾಲ್ ಹಳೆಯ ವಿಳಾಸಕ್ಕೆ ಮಾತ್ರ ಹೊರಹೋಗಲು ಬಿಡ್ತಿರಬೇಕು. ಹೊಸ ವಿಳಾಸಗಳ ಪಟ್ಟಿಯನ್ನು ಕಂಪನಿಯಿಂದ ತರಿಸಿ ಸೇರಿಸಿ. ರೆಕಾರ್ಡರಿನ ಗಡಿಯಾರವನ್ನೂ ನೋಡಿ. ತಾರೀಖು ತಪ್ಪಿದ್ದರೆ ಸರ್ವರಿನ ಪ್ರಮಾಣಪತ್ರವನ್ನು ಅದು ಒಪ್ಪಲ್ಲ.

ಸ್ಟೇಷನರಿ ಅಂಗಡಿ: ಅಷ್ಟೆಲ್ಲ ಯಾಕೆ? ಇದು ನೋಡಿ. *ಫಾರ್ವರ್ಡ್: ಹಳೆ ಆ್ಯಪ್ ಕೆಲಸ ಮಾಡಲು ರೂಟರಿನಲ್ಲಿ 80, 554, 8000 ಪೋರ್ಟ್ ತೆರೆದುಬಿಡಿ, ಕಂಪನಿಯ ಹಂಗೇ ಇರಲ್ಲ. ಎಲ್ಲರಿಗೂ ಕಳಿಸಿ.*

ಮೇಡಂ: ದಯವಿಟ್ಟು ಇದನ್ನು ಯಾರಿಗೂ ಕಳಿಸಬೇಡಿ. ಪೋರ್ಟ್ ತೆರೆದರೆ ನಿಮ್ಮ ರೆಕಾರ್ಡರಿನ ಲಾಗಿನ್ ಪುಟ ಇಡೀ ಜಗತ್ತಿಗೆ ಕಾಣುತ್ತೆ. 2016ರಲ್ಲಿ ಮಿರಾಯ್ ಬಾಟ್‌ನೆಟ್ (ಸಾಧನಗಳನ್ನು ವಶಪಡಿಸಿಕೊಳ್ಳುವ ದುಷ್ಟ ಪ್ರೋಗ್ರಾಂ) ಹೀಗೆ ಬಯಲಲ್ಲಿದ್ದ ಕ್ಯಾಮೆರಾ, ಡಿವಿಆರ್‌ಗಳಿಗೆ ಫ್ಯಾಕ್ಟರಿ ಪಾಸ್‌ವರ್ಡ್ ಹಾಕಿಯೇ ಹೊಕ್ಕಿತ್ತು. ಹೊರಗಿನಿಂದ ನೋಡಲೇಬೇಕಿದ್ದರೆ ವಿಪಿಎನ್ (ನಿಮಗೆ ಮಾತ್ರ ತೆರೆಯುವ ಗುಪ್ತ ಸಂಪರ್ಕ) ಹಾಕಿಸಿ.

ಗೋದಾಮು ಮ್ಯಾನೇಜರ್: ಮೇಡಂ, ನಮ್ಮ ಕಂಪನಿಯನ್ನು ಕೊಂಡವರು "ಒಂದೇ ಬ್ರ್ಯಾಂಡ್ ಮಾಡ್ತಿದ್ದೇವೆ" ಅಂತ ಹಳೆಯ ವಿಸ್ಟಾ ಪ್ಯಾನೆಲ್ ತೆಗೆದು ಡಿಎಸ್‌ಸಿ ಹಾಕಿಕೊಟ್ರು, ಉಚಿತವಾಗಿ. ಒಬ್ಬ ಟೆಕ್ನೀಷಿಯನ್, ಅರ್ಧ ಗಂಟೆ ಕೆಲಸ. 16 ಝೋನ್ (ಸೆನ್ಸರಿನಿಂದ ಪ್ಯಾನೆಲ್‌ಗೆ ಬರುವ ಒಂದೊಂದು ತಂತಿ ಸಾಲು), ಅದರಲ್ಲಿ 13ರಿಂದ 16 ಹೊಗೆ ಡಿಟೆಕ್ಟರ್. ಕೀಪ್ಯಾಡಿನಲ್ಲಿ "ರೆಡಿ" ಬರುತ್ತೆ, ಹಸಿರು ದೀಪ ಇದೆ. ಇನ್ನೇನಾದರೂ ನೋಡಬೇಕಾ?

ಮೇಡಂ: ನೋಡಬೇಕು ಸರ್. ಅರ್ಧ ಗಂಟೆ ಅಂದಿರಲ್ಲ, ನನಗೆ ಚಿಂತೆ ಆಗಿದ್ದು ಅಲ್ಲೇ. ಸ್ವಲ್ಪ ಉದ್ದ ಬರೀತೀನಿ, ಪೂರ್ತಿ ಓದಿ.

ಪ್ರತಿ ಝೋನಿನ ತಂತಿಯ ತುದಿಯಲ್ಲಿ, ಅಂದರೆ ಸೆನ್ಸರಿನ ಒಳಗೆ, ಒಂದು ಸಣ್ಣ ರೆಸಿಸ್ಟರ್ ಇರಬೇಕು. ಪ್ಯಾನೆಲ್ ಅದರ ಮೌಲ್ಯವನ್ನು ನೋಡ್ತಾ ಕೂತಿರುತ್ತೆ: ಸರಿಯಾದ ಮೌಲ್ಯ ಕಂಡರೆ ಸುಸ್ಥಿತಿ, ತಂತಿ ಕಡಿದರೂ ಒಂದಕ್ಕೊಂದು ತಾಗಿದರೂ ತೊಂದರೆ. ವಿಸ್ಟಾಗೆ ಬೇಕಾದದ್ದು 2 ಕಿಲೋ ಓಮ್. ರೆಸಿಸ್ಟರ್ ಮೇಲಿನ ಬಣ್ಣದ ಪಟ್ಟಿಗಳು ಕೆಂಪು, ಕಪ್ಪು, ಕೆಂಪು. ಡಿಎಸ್‌ಸಿಗೆ 5.6 ಕಿಲೋ ಓಮ್. ಹಸಿರು, ನೀಲಿ, ಕೆಂಪು. ಬ್ರ್ಯಾಂಡ್ ಬದಲಾದಾಗ 16 ಸೆನ್ಸರ್ ಬಿಚ್ಚಿ, ಏಣಿ ಹತ್ತಿ, ಒಂದೊಂದರಲ್ಲೂ ರೆಸಿಸ್ಟರ್ ಬದಲಿಸಬೇಕು. ಅರ್ಧ ಗಂಟೆಯಲ್ಲಿ ಅದು ಆಗೋ ಕೆಲಸ ಅಲ್ಲ.

ಹಾಗಾದರೆ ಅವರು ಮಾಡಿದ್ದೇನು? ಎರಡು ಅಡ್ಡದಾರಿ ಇವೆ. ಒಂದು, ರೆಸಿಸ್ಟರ್ ಬೇಡವೇ ಬೇಡ ಅಂತ ಪ್ರೋಗ್ರಾಂ ಮಾಡೋದು. ಇನ್ನೊಂದು, ರೆಸಿಸ್ಟರನ್ನು ಪ್ಯಾನೆಲ್ ಡಬ್ಬಿಯ ಒಳಗೇ ಟರ್ಮಿನಲ್‌ಗೆ ಸಿಕ್ಕಿಸಿಬಿಡೋದು. ಎರಡರಲ್ಲೂ ಕೀಪ್ಯಾಡ್ "ರೆಡಿ" ಅನ್ನುತ್ತೆ. ಆದರೆ ಗೋಡೆಯಲ್ಲಿ ಮೊಳೆ ಹೊಡೆದು ಎರಡು ತಂತಿ ಕೂಡಿಕೊಂಡರೆ ಅಥವಾ ಯಾರಾದರೂ ಬೇಕೆಂದೇ ಕೂಡಿಸಿದರೆ, ಆ ಬಾಗಿಲು ತೆರೆದರೂ ಪ್ಯಾನೆಲ್‌ಗೆ ಗೊತ್ತಾಗಲ್ಲ. ಹೊಗೆ ಡಿಟೆಕ್ಟರಿನಲ್ಲಿ ಉಲ್ಟಾ: ರೆಸಿಸ್ಟರ್ ಡಬ್ಬಿಯಲ್ಲಿದ್ದರೆ ಇಡೀ ತಂತಿ ಕಡಿದುಬಿದ್ದರೂ ತೊಂದರೆ ತೋರಿಸಲ್ಲ.

ಪರೀಕ್ಷೆ ಹೀಗೆ. ಮೊದಲು ಮಾನಿಟರಿಂಗ್ ಸೆಂಟರ್‌ಗೆ ಫೋನ್ ಮಾಡಿ ಖಾತೆಯನ್ನು ಟೆಸ್ಟ್‌ನಲ್ಲಿ (ಬರುವ ಸಿಗ್ನಲನ್ನು ನಿಜವಾದ ಅಲಾರಂ ಅಂತ ಪರಿಗಣಿಸದ ಸ್ಥಿತಿ) ಇಡಿಸಿ. ಮೇನ್ಸ್ ಕರೆಂಟ್ ತೆಗೆಸಿ, ಬ್ಯಾಟರಿ ತಂತಿ ಬಿಡಿಸಿ. ಬಾಗಿಲುಗಳೆಲ್ಲ ಮುಚ್ಚಿರಲಿ. ಒಂದು ಬಾಗಿಲ ಝೋನಿನ ಎರಡೂ ತಂತಿಯನ್ನು ಟರ್ಮಿನಲ್‌ನಿಂದ ತೆಗೆದು, ಗೋಡೆಯಿಂದ ಬರುವ ಕಡೆಗೆ ಮಲ್ಟಿಮೀಟರ್ ಹಿಡಿಯಿರಿ. 5.6 ಕಿಲೋ ಓಮ್ ಆಸುಪಾಸು ಬಂದರೆ ಕೆಲಸ ಸರಿಯಾಗಿದೆ. 2 ಕಿಲೋ ಬಂದರೆ ಹಳೆಯ ರೆಸಿಸ್ಟರ್ ಅಲ್ಲೇ ಇದೆ, ಪ್ಯಾನೆಲ್‌ನಲ್ಲಿ ಏನೋ ಹೊಂದಾಣಿಕೆ ಮಾಡಿದ್ದಾರೆ. ಬರೀ ಕೆಲವು ಓಮ್ ಬಂದರೆ ತುದಿಯಲ್ಲಿ ಏನೂ ಇಲ್ಲ.

ಹೊಗೆ ಡಿಟೆಕ್ಟರ್‌ಗೆ ಕರೆಂಟ್ ವಾಪಸ್ ಕೊಟ್ಟ ಮೇಲೆ, ಸಾಲಿನ ಕೊನೆಯ ಡಿಟೆಕ್ಟರಿನಲ್ಲಿ ಒಂದು ತಂತಿ ಬಿಡಿಸಿ. ಕೀಪ್ಯಾಡಿನಲ್ಲಿ ತೊಂದರೆ ಬರಲೇಬೇಕು. ಆಮೇಲೆ ತಂತಿ ಸೇರಿಸಿ ಟೆಸ್ಟ್ ಸ್ಪ್ರೇ ಹೊಡೆದು ನೋಡಿ. ಎರಡು ತಂತಿಯ ಡಿಟೆಕ್ಟರ್ ಆಗಿದ್ದರೆ ಕರೆಂಟೂ ಸಿಗ್ನಲ್ಲೂ ಅದೇ ಜೋಡಿಯಲ್ಲಿ ಹೋಗುತ್ತೆ. ಹಾಗಾಗಿ ಆ ಡಿಟೆಕ್ಟರ್ ಮಾದರಿ ಹೊಸ ಪ್ಯಾನೆಲಿನ ಹೊಂದಾಣಿಕೆ ಪಟ್ಟಿಯಲ್ಲಿ ಇರಲೇಬೇಕು.

ಇನ್ನೊಂದು ವಿಷಯ ಇದಕ್ಕಿಂತ ಗಂಭೀರ. ಎರಡು ಸೆಂಟರ್ ಒಂದಾದಾಗ ಖಾತೆ ಸಂಖ್ಯೆಗಳು ಡಿಕ್ಕಿ ಹೊಡೆಯುತ್ತವೆ. ಕಾಂಟ್ಯಾಕ್ಟ್ ಐಡಿಯಲ್ಲಿ, ಅಂದರೆ ಪ್ಯಾನೆಲ್ ಸೆಂಟರಿಗೆ ಸಿಗ್ನಲ್ ಕಳಿಸುವ ಸಂಕೇತ ಭಾಷೆಯಲ್ಲಿ, ಖಾತೆಗೆ ನಾಲ್ಕೇ ಅಂಕಿ. ಇವರಲ್ಲೂ 2045 ಇರುತ್ತೆ, ಅವರಲ್ಲೂ 2045. ಸಂಖ್ಯೆ ಬದಲಿಸುವಾಗ ನಿಮ್ಮ ಝೋನ್ ಪಟ್ಟಿ ಜೊತೆಗೆ ಹೋಗದಿದ್ದರೆ ಆಪರೇಟರ್ ಪರದೆಯಲ್ಲಿ ಝೋನ್ 13 ಅಂದರೆ "ಹಿಂಬಾಗಿಲು" ಅಂತ ಇರಬಹುದು, ಅಥವಾ ಖಾತೆಯೇ ಇಲ್ಲದಿರಬಹುದು. ಆಗಲೂ ರಿಸೀವರ್ "ಸಿಕ್ಕಿತು" ಅಂತ ಪ್ಯಾನೆಲ್‌ಗೆ ಒಪ್ಪಿಗೆ ಕಳಿಸಿಬಿಡುತ್ತೆ. ಪ್ಯಾನೆಲ್‌ಗೆ ಸಮಾಧಾನ, ತೊಂದರೆಯ ದೀಪ ಇಲ್ಲ. ಆದರೆ ಆ ಸಿಗ್ನಲನ್ನು ಯಾವ ಮನುಷ್ಯನೂ ನೋಡಿರಲ್ಲ. ಅದಕ್ಕೇ 16 ಝೋನೂ ಒಂದೊಂದಾಗಿ ಎಬ್ಬಿಸಿ, ಸಮಯ ಬರೆದಿಟ್ಟುಕೊಂಡು, ಸೆಂಟರಿನಿಂದ ಆ ದಿನದ ಲಾಗ್ ಲಿಖಿತವಾಗಿ ತರಿಸಿ. ಲಾಗಿನಲ್ಲಿ ಬರುವ ಕೋಡ್‌ಗಳು: ಕಳ್ಳತನ 130, ಬೆಂಕಿ 110, ಪ್ಯಾನಿಕ್ 120, ಬಲವಂತದ ಕೋಡ್ 121, ದಿನನಿತ್ಯದ ಪರೀಕ್ಷೆ 602. ಝೋನ್ 13ರಿಂದ 16ಕ್ಕೆ 110 ಬಂದಿದೆಯಾ, 130 ಬಂದಿದೆಯಾ ಅಂತ ನೀವೇ ಕಣ್ಣಾರೆ ನೋಡಿ.

ಸ್ಟೇಷನರಿ ಅಂಗಡಿ: *ಫಾರ್ವರ್ಡ್: ಹಳೆ ಕಂಪನಿ ಹಾಕಿದ ಇನ್‌ಸ್ಟಾಲರ್ ಕೋಡ್ ಹೋಗಬೇಕಾ? ಪ್ಯಾನೆಲ್ ಬ್ಯಾಟರಿ 10 ನಿಮಿಷ ತೆಗೆದಿಡಿ, ಎಲ್ಲ ಅಳಿಸುತ್ತೆ.*

ಮೇಡಂ: ಅಳಿಸಲ್ಲ. ಇನ್‌ಸ್ಟಾಲರ್ ಕೋಡ್ ಅಂದರೆ ಪ್ಯಾನೆಲಿನ ಸೆಟ್ಟಿಂಗ್ ಬದಲಿಸುವ ಕೋಡ್, ಅದು ಕರೆಂಟ್ ಹೋದರೂ ಉಳಿಯುವ ಮೆಮೊರಿಯಲ್ಲಿ ಇರುತ್ತೆ. ಗಡಿಯಾರ ಹಾಳಾಗುತ್ತೆ, ಡಬ್ಬಿ ತೆರೆದಿದ್ದಕ್ಕೆ ಟ್ಯಾಂಪರ್ ಸಿಗ್ನಲ್ ಹೋಗುತ್ತೆ, ಅಷ್ಟೇ. ಕೋಡನ್ನು ಬರವಣಿಗೆಯಲ್ಲಿ ಕೇಳಿ ತಗೊಳ್ಳಿ, ಕಂಪನಿ ಪೂರ್ತಿ ಮುಚ್ಚಿಹೋಗುವ ಮುಂಚೆ. ಲಾಕ್‌ಔಟ್ (ಕೋಡ್ ಇಲ್ಲದೆ ಸೆಟ್ಟಿಂಗ್ ಅಳಿಸಲು ಬಿಡದ ಬೀಗ) ಹಾಕಿದ ಪ್ಯಾನೆಲ್ ಆದರೆ ಬೋರ್ಡನ್ನೇ ಬದಲಿಸಬೇಕಾಗಬಹುದು.

ಶಾಲಾ ಕಚೇರಿ: ನಮ್ಮ ಕಂಪನಿ ಮಾರಾಟ ಆಯ್ತು, ಕರಾರು ರದ್ದಾಗುತ್ತಾ ಮೇಡಂ?

ಮೇಡಂ: ಮೊದಲ ಪ್ರಶ್ನೆ ನೋಡಿ.

ಐಟಿ ವಿಭಾಗ: ಈ ಕೊಳ್ಳುವ ಆಟದಲ್ಲಿ ಸಾಯೋದು ಯಾವಾಗಲೂ ಗ್ರಾಹಕನೇ. ರಿವಾಲ್ವ್ ಹಬ್ (ಮನೆಯ ಸ್ಮಾರ್ಟ್ ಸಾಧನಗಳನ್ನು ಜೋಡಿಸುವ ಪೆಟ್ಟಿಗೆ) ನೋಡಿ: 2014ರಲ್ಲಿ ನೆಸ್ಟ್ ತಗೊಂಡಿತು, 2016ರ ಮೇನಲ್ಲಿ ಸೇವೆ ನಿಲ್ಲಿಸಿತು. ಜೀವಮಾನದ ಚಂದಾ ಅಂತ ಹೇಳಿ ಮಾರಿದ್ದ ಸಾಧನ ಕಲ್ಲಾಯ್ತು. ನೆಸ್ಟ್‌ನದೇ ಅಲಾರಂ ನೆಸ್ಟ್ ಸೆಕ್ಯೂರ್ 2024ರ ಏಪ್ರಿಲ್‌ನಲ್ಲಿ ಹೋಯ್ತು.

ಡೀಲರ್: ಆಯ್ದುಕೊಂಡು ಉದಾಹರಣೆ ಕೊಡಬೇಡಿ. ಕ್ಯಾನನ್ 2014ರಲ್ಲಿ ಕ್ಯಾಮೆರಾ ಸಾಫ್ಟ್‌ವೇರಿನ ಮೈಲ್‌ಸ್ಟೋನ್ ಕೊಂಡಿತು, 2015ರಲ್ಲಿ ಕ್ಯಾಮೆರಾ ಮಾಡುವ ಆ್ಯಕ್ಸಿಸ್. ಎರಡೂ ತಮ್ಮ ಹೆಸರಲ್ಲೇ ನಡೀತಾ ಇವೆ. ಸ್ಯಾಮ್‌ಸಂಗ್ ಟೆಕ್‌ವಿನ್ ಹನ್ವಾ ಟೆಕ್‌ವಿನ್ ಆಯ್ತು, 2023ರಲ್ಲಿ ಹನ್ವಾ ವಿಷನ್ ಆಯ್ತು. ಕ್ಯಾಮೆರಾ ನಿಂತುಹೋಯ್ತಾ?

ಐಟಿ ವಿಭಾಗ: ಇಂಟರ್‌ಲಾಜಿಕ್ಸ್? ಜಿಇ ಸೆಕ್ಯುರಿಟಿಯನ್ನು 2010ರಲ್ಲಿ ಯುಟಿಸಿ ಕೊಂಡಿತು, ಅದೇ ಇಂಟರ್‌ಲಾಜಿಕ್ಸ್ ಆಯ್ತು, 2019ರ ಕೊನೆಗೆ ಅಮೆರಿಕ, ಕೆನಡಾ ವಹಿವಾಟು ಮುಚ್ಚಿತು. ನೀವು ಮಾರೋರು, ನಿಮಗೆ ಹೊಸ ಪೆಟ್ಟಿಗೆ ಹೋದರೆ ಸಾಕು.

ಡೀಲರ್: ಬಾಯಿಗೆ ಬಂದಂತೆ ಮಾತಾಡಬೇಡಿ. ಗುಂಪಿನಲ್ಲಿ ಹೆಂಗಸರು, ಹಿರಿಯರು ಇದ್ದಾರೆ.

ಐಟಿ ವಿಭಾಗ: ಹಿರಿಯರು ಇದ್ದಾರೆ ಅಂತಲೇ ನಿಜ ಹೇಳ್ತಿರೋದು.

ಮೇಡಂ: ಇಬ್ಬರೂ ಹೇಳಿದ ಕಂಪನಿಗಳು ನಿಜ. ಆದರೆ ಇಲ್ಲಿ ಕೇಳೋರಿಗೆ ಬೇಕಾದ್ದು ಬೇರೆ. ಕ್ಲೌಡ್ ನಿಂತ ದಿನ ಸಾಧನ ಕಟ್ಟಡದ ಒಳಗೆ ತಾನಾಗಿ ಕೆಲಸ ಮಾಡುತ್ತಾ? ಕ್ಯಾಮೆರಾಗೆ ಓಎನ್‌ವಿಐಎಫ್ (ಬೇರೆ ಬೇರೆ ಕಂಪನಿಯ ಕ್ಯಾಮೆರಾ, ರೆಕಾರ್ಡರ್ ಹೊಂದಿಕೊಳ್ಳುವ ಸಾಮಾನ್ಯ ಮಾನದಂಡ) ಇದ್ದರೆ ಬೇರೆ ರೆಕಾರ್ಡರ್‌ಗೆ ಜೋಡಿಸಬಹುದು. ಪ್ಯಾನೆಲ್‌ಗೆ ಬೇರೆ ಸೆಂಟರಿನ ವಿಳಾಸ ಹಾಕಲು ಬಂದರೆ ಬದುಕಿತು. ಎರಡೂ ಇಲ್ಲದಿದ್ದರೆ ಯಾರು ಕೊಂಡರೂ ನೀವು ಅವರ ಕೈಯಲ್ಲೇ. ವಾದ ಇಲ್ಲಿಗೆ ಬಿಡಿ.

ಎಚ್‌ಆರ್ ವಿಭಾಗ: ಬಾಗಿಲಿನ ಕಾರ್ಡ್ ಖಾಲಿಯಾಗಿದೆ. ಹೊಸ ಹೆಸರಿನ ಕಂಪನಿಯಿಂದ 200 ಕಾರ್ಡ್ ತರಿಸಬಹುದಾ?

ಮೇಡಂ: ಫ್ರೀಕ್ವೆನ್ಸಿ, ಫಾರ್ಮ್ಯಾಟ್, ಫೆಸಿಲಿಟಿ ಕೋಡ್ (ನಿಮ್ಮ ಸಂಸ್ಥೆಯ ಕಾರ್ಡ್‌ಗಳಿಗೆಲ್ಲ ಒಂದೇ ಇರುವ ಸಂಖ್ಯೆ), ಆರಂಭದ ಸಂಖ್ಯೆ ನಾಲ್ಕನ್ನೂ ಆರ್ಡರಿನಲ್ಲಿ ಬರೆಯಿರಿ. 26 ಬಿಟ್ ಫಾರ್ಮ್ಯಾಟಿನಲ್ಲಿ ಫೆಸಿಲಿಟಿ ಕೋಡ್‌ಗೆ 8 ಬಿಟ್, ಕಾರ್ಡ್ ಸಂಖ್ಯೆಗೆ 16, ಉಳಿದ 2 ಪ್ಯಾರಿಟಿ (ಓದುವಾಗಿನ ತಪ್ಪು ಹಿಡಿಯಲು). ಫೆಸಿಲಿಟಿ ಕೋಡ್ 255ರ ಮೇಲೆ ಹೋಗಲ್ಲ, ಕಾರ್ಡ್ ಸಂಖ್ಯೆ 65,535ರ ಮೇಲೆ ಹೋಗಲ್ಲ. ಹಳೆಯ ಕಂಪನಿಯಲ್ಲಿ ನಿಮಗೆ ಕೊಟ್ಟ ಸಂಖ್ಯೆಗಳ ದಾಖಲೆ ಹೊಸ ಕಂಪನಿಗೆ ಸಿಗದಿದ್ದರೆ ಅದೇ ಸಂಖ್ಯೆ ಮತ್ತೆ ಅಚ್ಚಾಗಿ ಬರುತ್ತೆ. ಆಗ ಹೊಸ ನೌಕರರ ಕಾರ್ಡ್ ತೋರಿಸಿದರೂ ದಾಖಲೆಯಲ್ಲಿ ಹಳೆಯ ನೌಕರರ ಹೆಸರು ಬೀಳುತ್ತೆ. ಅವರಿಗೆ ತೆರೆಯುವ ಬಾಗಿಲೆಲ್ಲ ಇವರಿಗೂ ತೆರೆಯುತ್ತೆ.

ಬ್ಯಾಂಕ್ ಶಾಖೆ: ಹೊಸ ಕಂಪನಿ ಪ್ಯಾನೆಲ್‌ಗೆ ನಮ್ಮ ಹಳೆಯ ವೈರ್‌ಲೆಸ್ ಸೆನ್ಸರ್ ಸೇರ್ತಿಲ್ಲ.

ಮೇಡಂ: ಫ್ರೀಕ್ವೆನ್ಸಿ ಬೇರೆ. ಅಮೆರಿಕದ ಮಾದರಿಗಳಲ್ಲಿ ಹನಿವೆಲ್ 345 ಮೆಗಾಹರ್ಟ್ಸ್, ಇಂಟರ್‌ಲಾಜಿಕ್ಸ್ 319.5, ಡಿಎಸ್‌ಸಿ 433. ಟ್ರಾನ್ಸ್‌ಲೇಟರ್ (ಹಳೆಯ ಸೆನ್ಸರಿನ ಸಿಗ್ನಲನ್ನು ಹೊಸ ಪ್ಯಾನೆಲ್‌ಗೆ ಬದಲಿಸಿ ಕೊಡುವ ಸಾಧನ) ಹಾಕಿಸಿ, ಇಲ್ಲ ಸೆನ್ಸರ್ ಬದಲಿಸಿ.

ಗೋದಾಮು ಮ್ಯಾನೇಜರ್: ಮೇಡಂ, ಎಲೆಕ್ಟ್ರಿಷಿಯನ್ ಕರೆಸಿ ನೋಡಿದ್ವಿ. 1ರಿಂದ 8 ಹೆಚ್ಚುಕಡಿಮೆ 2 ಕಿಲೋ ಓಮ್. 9 ಮತ್ತು 11 ಬರೀ 3 ಓಮ್. 16ರ ಕೊನೆಯ ಹೊಗೆ ಡಿಟೆಕ್ಟರಿನಲ್ಲಿ ತಂತಿ ಬಿಡಿಸಿದ್ರೆ ಹತ್ತು ನಿಮಿಷ ಆದ್ರೂ ಏನೂ ತೋರಿಸಲಿಲ್ಲ.

ಮೇಡಂ: ಇವತ್ತೇ ಕಂಪನಿಗೆ ಇಮೇಲ್ ಹಾಕಿ, ಈ ಅಂಕಿಗಳೊಂದಿಗೆ. ವಿಮಾ ಕಂಪನಿಗೂ ತಿಳಿಸಿ. 16ರ ತಂತಿ ಕಡಿದರೆ ಪ್ಯಾನೆಲ್‌ಗೆ ಗೊತ್ತಾಗಲ್ಲ ಅಂತ ಖಚಿತ ಆಯ್ತು. 13, 14, 15ರ ಕೊನೆಯ ಡಿಟೆಕ್ಟರಲ್ಲೂ ಅದೇ ಪರೀಕ್ಷೆ ಮಾಡಿಸಿ. ಸರಿಪಡಿಸೋವರೆಗೆ ರಾತ್ರಿ ಗಂಟೆಗೊಮ್ಮೆ ಒಬ್ಬರು ಸುತ್ತು ಹೊಡೆದು ಪುಸ್ತಕದಲ್ಲಿ ಸಹಿ ಹಾಕಲಿ. 16ರಲ್ಲಿ ತಂತಿ ವಾಪಸ್ ಸೇರಿಸಿದ್ದೀರಿ ತಾನೆ? ಸ್ಪ್ರೇ ಪರೀಕ್ಷೆ ಏನಾಯ್ತು? ಸೆಂಟರಿನ ಲಾಗ್ ಬಂತಾ?

ಗೋದಾಮು ಮ್ಯಾನೇಜರ್: ತಂತಿ ಸೇರಿಸಿದ್ವಿ. ಸ್ಪ್ರೇ ಹೊಡೆದ್ರೆ ಸೈರನ್ ಕೂಗುತ್ತೆ. ಲಾಗ್ ಕೇಳಿದ್ರೆ "ಸಿಸ್ಟಂ ಬದಲಾಗ್ತಿದೆ, ಮುಂದಿನ ವಾರ" ಅಂದ್ರು.

ಮೇಡಂ: ಸೈರನ್ ಕೂಗಿದರೆ ಒಳಗಿದ್ದವರಿಗೆ ಮಾತ್ರ ಗೊತ್ತಾಗುತ್ತೆ. ರಾತ್ರಿ ಒಳಗೆ ಯಾರೂ ಇರಲ್ಲ. ಮುಂದಿನ ವಾರ ಅನ್ನೋದನ್ನು ಒಪ್ಪಬೇಡಿ. ಶಿಫ್ಟ್ ಮೇಲ್ವಿಚಾರಕರನ್ನು ಲೈನಿನಲ್ಲಿ ಇಟ್ಟುಕೊಂಡೇ ಝೋನ್ 13 ಎಬ್ಬಿಸಿ, ಪರದೆಯಲ್ಲಿ ಏನು ಬಂತು ಅಂತ ಓದಿ ಹೇಳಿಸಿ. ಆಮೇಲೆ 14, 15, 16.

ಹೋಟೆಲ್ ಸ್ವಾಗತ ವಿಭಾಗ: ಒಬ್ಬರು ಬಂದು "ನಿಮ್ಮ ಕಂಪನಿಯನ್ನು ನಾವು ಕೊಂಡಿದ್ದೇವೆ, ಪ್ಯಾನೆಲ್ ಬದಲಿಸಬೇಕು" ಅಂತಿದ್ದಾರೆ. ಗುರುತಿನ ಚೀಟಿ ಇದೆ. ಒಳಗೆ ಬಿಡಬಹುದಾ?

ಮೇಡಂ: ಬಿಡಬೇಡಿ. ಅವರು ಕೊಡುವ ನಂಬರಿಗೆ ಫೋನ್ ಮಾಡಬೇಡಿ, ನಿಮ್ಮ ಹಳೆಯ ಬಿಲ್ಲಿನಲ್ಲಿರುವ ನಂಬರಿಗೆ ಮಾಡಿ. ಕೋಡ್ ಹೇಳಬೇಡಿ. ಮಾರಾಟದ ಸುದ್ದಿ ಹೊರಬಿದ್ದ ತಕ್ಷಣ ಇಂಥವರು ಬಾಗಿಲಿಗೆ ಬರ್ತಾರೆ.

ಶಾಲಾ ಕಚೇರಿ: ಮೇಡಂ ಕರಾರು ವಿಷಯ ಸರಿಯಾಗಿ ಹೇಳಲಿಲ್ಲ.

ಐಟಿ ವಿಭಾಗ: ಓದೋಕೆ ಬರಲ್ವಾ ನಿಮಗೆ?

ಅಡ್ಮಿನ್: ಭಾಷೆ ಸರಿ ಇರಲಿ. ಇನ್ನೊಂದು ಸಲ ಆದರೆ ತೆಗೆದುಹಾಕ್ತೀನಿ, ಯಾರೇ ಆಗಿರಲಿ.

ಸ್ಟೇಷನರಿ ಅಂಗಡಿ: *ಫಾರ್ವರ್ಡ್: ಹೊಸ ಹೆಸರಿನ ಕ್ಯಾಮೆರಾಗೆ ಹಳೆ ಹೆಸರಿನ ಫರ್ಮ್‌ವೇರ್ ಹಾಕಿದರೆ…*

ಮೇಡಂ: ಹಾಕಬೇಡಿ, ಕ್ಯಾಮೆರಾ ಮತ್ತೆ ಆನ್ ಆಗದೇ ಹೋಗಬಹುದು. ಸರ್, ಇದು ಮೂರನೇದು. ಅಡ್ಮಿನ್ ಗಮನಿಸಿ.

ಪೆಟ್ರೋಲ್ ಬಂಕ್: ಕ್ಯಾಮೆರಾ ಬ್ರ್ಯಾಂಡ್ ಲೊರೆಕ್ಸ್ 2012ರಲ್ಲಿ ಫ್ಲಿರ್ ಕೈಗೆ, 2018ರಲ್ಲಿ ದಹುವಾಗೆ, ಆಮೇಲೆ ತೈವಾನಿನ ಸ್ಕೈವಾಚ್‌ಗೆ ಹೋಗಿದೆ ಅಂತ ಓದಿದೆ. ಹೊರಗೆ ಒಂದೇ ಹೆಸರು. ಒಳಗಿನ ಬೋರ್ಡ್ ಯಾರದು ಅಂತ ಕೊಳ್ಳುವ ಮುಂಚೆ ಹೇಗೆ ಗೊತ್ತು ಮಾಡೋದು?

ಡೀಲರ್: ನನಗೆ ಖಾಸಗಿಯಾಗಿ ಮೆಸೇಜ್ ಮಾಡಿ.

ಐಟಿ ವಿಭಾಗ: ಬಂತು ನೋಡಿ ವ್ಯಾಪಾರ.

ಗೋದಾಮು ಮ್ಯಾನೇಜರ್: ಮೇಡಂ, ಲೈನಿನಲ್ಲಿ ಇಟ್ಟುಕೊಂಡು ಮಾಡಿದ್ವಿ. 13 ಎಬ್ಬಿಸಿದ್ರೆ ಅವರ ಪರದೆಯಲ್ಲಿ "130, ಕಚೇರಿ ಕಿಟಕಿ" ಅಂತ ಬಂತಂತೆ.

ಮೇಡಂ: ಪರೀಕ್ಷೆ ಅಲ್ಲಿಗೇ ನಿಲ್ಲಿಸಬೇಡಿ, 14ರಿಂದ 16 ಮುಗಿಸಿ. ಪ್ಯಾನೆಲ್‌ನಲ್ಲಿ ಝೋನ್ 13ರ ವಿಧವೇ ಕಳ್ಳತನ ಅಂತ ಇದೆ, ಅದನ್ನು ಬೆಂಕಿ ಅಂತ ಬದಲಿಸಬೇಕು. ಸೆಂಟರಿನ ಪಟ್ಟಿಯೂ ತಪ್ಪಿದೆ. ಎರಡೂ ಕಡೆ ತಿದ್ದಿಸಿ, ಮತ್ತೆ ಎಬ್ಬಿಸಿ 110 ಬರೋವರೆಗೆ ಟೆಕ್ನೀಷಿಯನ್‌ರ ಕಾಗದಕ್ಕೆ ಸಹಿ ಹಾಕಬೇಡಿ. ಖಾತೆಯನ್ನು ಟೆಸ್ಟ್‌ನಿಂದ ತೆಗೆಸೋದು ಮರೀಬೇಡಿ.